ಹಾಸಿಗೆ ಗಾಡಿಯಲ್ಲಿ, ಊಟ ನೆಂಟರ ಮನೆಯಲ್ಲಿ: ಮೋಟಾರ್‌ಹೋಮ್ ಪ್ರವಾಸಕ್ಕೆ ಹೊರಡುವುದು ಹೇಗೆ?

ನೆಂಟರ ಮನೆಗೆ ಹೋಗಬೇಕೆಂದರೆ ನಮ್ಮ ವಯಸ್ಸಿನವರಿಗೆ ಎರಡೇ ಚಿಂತೆ. ಹಾಸಿಗೆ ಮತ್ತು ಟಾಯ್ಲೆಟ್ಟು. ನಮ್ಮ ಯಜಮಾನರಿಗೆ 68. ಮಂಡಿ ಮಡಚಲ್ಲ, ರಾತ್ರಿ ಮೂರು ಸಲ ಏಳಬೇಕು. ನನಗೆ 64. ಇನ್ಸುಲಿನ್ ತಣ್ಣಗಿರಬೇಕು, ದಿಂಬು ನನ್ನದೇ ಆಗಿರಬೇಕು. ಮೈಸೂರಿನ ಅಕ್ಕನ ಮನೆಯಲ್ಲಿ ಇರುವುದು ಇಂಡಿಯನ್ ಟಾಯ್ಲೆಟ್ಟು. ಅದೊಂದಕ್ಕೇ ಹೆದರಿ ಮೂರು ವರ್ಷ ದಸರಾ ಗೊಂಬೆ ನೋಡಲು ಹೋಗಲಿಲ್ಲ ಅಂದರೆ ನೀವು ನಗಬಹುದು.

ಹೋದ ವರ್ಷ ವಿಜಯದಶಮಿ ಮುಗಿದ ಮೇಲೆ, ಒಳಗೇ ಹಾಸಿಗೆ, ಟಾಯ್ಲೆಟ್ಟು ಇರುವ ಒಂದು ಕ್ಯಾಂಪರ್ ವ್ಯಾನ್ (ಮೋಟಾರ್‌ಹೋಮ್ ಅಂದರೂ ಇದೇ) ಬಾಡಿಗೆಗೆ ಹಿಡಿದು ಹತ್ತು ದಿನ ಸುತ್ತಿ ಬಂದೆವು. ಬೆಂಗಳೂರು, ಮೈಸೂರು, ಹಾಸನ, ಸಾಗರ, ವಾಪಸ್ ಬೆಂಗಳೂರು. ಮೂರು ಊರು, ಮೂರು ಮನೆ. ನಿವೃತ್ತರಾದ ಜೋಡಿಗಳು ಯಾರಾದರೂ ಈ ವರ್ಷ ಯೋಚಿಸುತ್ತಿದ್ದರೆ, ನಾವು ಎಡವಿದ ಕಡೆ ನೀವು ಎಡವಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನೆಂಟರು, ಆಮೇಲೆ ನಕ್ಷೆ

ಎಲ್ಲರೂ ಮೊದಲು ಗೂಗಲ್ ಮ್ಯಾಪ್ ತೆಗೆಯುತ್ತಾರೆ. ಬೇಡ. ಮೊದಲು ಫೋನ್ ಮಾಡಿ. ಯಾರ ಮನೆಯಲ್ಲಿ ಅಂಗಳ ಇದೆ, ಯಾರ ಬೀದಿಯಲ್ಲಿ ಟೆಂಪೊ ಟ್ರಾವೆಲರ್‌ನಷ್ಟು ದೊಡ್ಡ ಗಾಡಿ ತಿರುಗುತ್ತೆ, ಯಾರ ಮನೆಯಲ್ಲಿ ಆ ವಾರ ಬೇರೆ ಕಾರ್ಯಕ್ರಮ ಇಲ್ಲ ಎಂದು ಕೇಳಿ. ಹತ್ತು ದಿನಕ್ಕೆ ಮೂರು ಮನೆ ಸಾಕು. ನಾಲ್ಕನೆಯದು ಸೇರಿಸಿದರೆ ಅದು ಮದುವೆ ಪತ್ರಿಕೆ ಹಂಚಿದ ಹಾಗಾಗುತ್ತೆ.

ದಿನಕ್ಕೆ 150 ಕಿಲೋಮೀಟರ್ ದಾಟಬೇಡಿ. ಹೋಗುವಾಗ ನಮ್ಮ ದಾರಿ ಹೆಚ್ಚುಕಮ್ಮಿ ಹಾಗೇ ಕೂಡಿಬಂತು. ಮೈಸೂರು ಸುಮಾರು 145 ಕಿ.ಮೀ. ಅಲ್ಲಿಂದ ಕೆ.ಆರ್. ನಗರ, ಹೊಳೆನರಸೀಪುರದ ಮೇಲೆ ಹಾಸನ ಇನ್ನೂ ಕಮ್ಮಿ. ಹಾಸನದಿಂದ ಅರಸೀಕೆರೆ, ಕಡೂರು, ತರೀಕೆರೆ ಹಾದು ಶಿವಮೊಗ್ಗ. ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ತಿಂಡಿ ಮುಗಿಸಿ ಸಾಗರ. ಈ ದಾರಿಯಲ್ಲಿ ದೊಡ್ಡ ಘಾಟಿ ಇಲ್ಲ, ಅದೇ ದೊಡ್ಡ ಲಾಭ. ನಿಮ್ಮ ನೆಂಟರು ಉಡುಪಿ, ಮಂಗಳೂರು ಕಡೆ ಇದ್ದರೆ ಶಿರಾಡಿ, ಚಾರ್ಮಾಡಿ, ಆಗುಂಬೆ, ಇವುಗಳಲ್ಲಿ ಯಾವುದು ಅವತ್ತು ತೆರೆದಿದೆ, ಎಂಥ ಗಾಡಿ ಬಿಡುತ್ತಿದ್ದಾರೆ ಎಂದು ಹಿಂದಿನ ದಿನವೇ ವಿಚಾರಿಸಿ. ಆಗುಂಬೆಯಲ್ಲಿ 14 ತಿರುವು. ಉದ್ದದ ಗಾಡಿಗೆ ಅದು ಸುಮ್ನೆ ತಲೆನೋವು. ಮಗಳನ್ನು ವಯನಾಡಿಗೋ ಊಟಿಗೋ ಕೊಟ್ಟಿದ್ದರೆ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಎಂಬುದನ್ನು ಮರೆಯಬೇಡಿ.

ಕಾಲ ಯಾವುದು? ದಸರಾ ಮುಗಿದು ದೀಪಾವಳಿ ಬರುವ ಮುಂಚಿನ ಆ ಇಪ್ಪತ್ತು ದಿನ. ಹಬ್ಬದ ದಿನವೇ ಹೋದರೆ ಮೈಸೂರಿನೊಳಗೆ ಗಾಡಿ ನುಗ್ಗಲ್ಲ. ಆಯುಧಪೂಜೆಯ ದಿನ ಬಾಡಿಗೆಗೂ ಸಿಗುವುದು ಕಷ್ಟ, ಮಾಲೀಕರು ಬೂದುಗುಂಬಳ ಒಡೆಯುವುದರಲ್ಲಿ ಇರುತ್ತಾರೆ. ಮಳೆ ಮಾತ್ರ ಇದ್ದೇ ಇರುತ್ತೆ. ಮುಂಗಾರು ಹೋಯಿತು ಅಂದುಕೊಳ್ಳುವಷ್ಟರಲ್ಲಿ ಹಿಂಗಾರು ಬರುತ್ತೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಜಾಸ್ತಿ. ಬೆಳಿಗ್ಗೆ ಆರಕ್ಕೆ ಹೊರಟು ಊಟದ ಹೊತ್ತಿಗೆ ಸೇರಿಬಿಡಿ.

ಗಾಡಿ ನೋಡುವಾಗ

ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಬಹಳಷ್ಟು ಮೋಟಾರ್‌ಹೋಮ್‌ಗಳು ಮೂಲತಃ ಟೆಂಪೊ ಟ್ರಾವೆಲರ್‌ಗಳೇ. ಒಳಗೆ ಹಾಸಿಗೆ, ಸಿಂಕು, ಪುಟ್ಟ ಟಾಯ್ಲೆಟ್ಟು ಕೂಡಿಸಿರುತ್ತಾರೆ. ಮೊದಲು ನಂಬರ್ ಪ್ಲೇಟ್ ನೋಡಿ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆ ಗಾಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ನೀವೇ ಓಡಿಸಲು ಕೊಡುವ ಬಾಡಿಗೆ ಗಾಡಿ. ಬಿಳಿ ಪ್ಲೇಟಿನ ಸ್ವಂತ ಗಾಡಿಯನ್ನು ಯಾರಾದರೂ ಬಾಡಿಗೆಗೆ ಕೊಡಲು ಬಂದರೆ ನಮಸ್ಕಾರ ಹೇಳಿ ಬನ್ನಿ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ನೀವೇ ಓಡಿಸುತ್ತೀರಾ? ಕಾರಿನ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಬಾಡಿಗೆ ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೆ ಲೈಸೆನ್ಸಿನ ತಾರೀಖು ನೋಡಿಕೊಳ್ಳಿ. 55 ದಾಟಿದವರಿಗೆ ಅದು ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತೆ, ಡಾಕ್ಟರ ಸರ್ಟಿಫಿಕೇಟೂ ಬೇಕು. ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು. ನಾವಂತೂ ಡ್ರೈವರನ್ನೇ ಕರೆದುಕೊಂಡು ಹೋದೆವು. ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಮೂರನೇ ದಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆದರು. ಡ್ರೈವರ್ ಬರುವುದಾದರೆ ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ನೆಂಟರಿಗೆ ಮೊದಲೇ ಹೇಳಿ. ಹಗಲೆಲ್ಲ ಸ್ಟೇರಿಂಗ್ ಹಿಡಿದವರಿಗೆ ರಾತ್ರಿ ಮುಂದಿನ ಸೀಟಿನಲ್ಲೇ ಒರಗಿಕೊಳ್ಳಿ ಅನ್ನುವುದು ಸರಿಯಲ್ಲ.

ಬಾಡಿಗೆಯ ಲೆಕ್ಕದಲ್ಲಿ ಒಂದು ಕೊಕ್ಕೆ ಇದೆ. ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಹಿಡಿಯುತ್ತಾರೆ. ನಮ್ಮಂಥವರು ಎರಡೆರಡು ದಿನ ಅಂಗಳದಲ್ಲೇ ನಿಲ್ಲಿಸುವವರು. ಓಡದ ಕಿಲೋಮೀಟರಿಗೂ ದುಡ್ಡು ಕೊಡಬೇಕಾಗುತ್ತೆ. ನಿಂತ ದಿನಕ್ಕೆ ಬೇರೆ ದರ ಹೇಳಿ ಎಂದು ಪಟ್ಟು ಹಿಡಿಯಿರಿ. ಕೇಳಿದರೆ ಇಳಿಸುತ್ತಾರೆ. ಡ್ರೈವರ್ ಬಾಟಾ, ಟೋಲು ಯಾರದ್ದು ಎಂಬುದನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಗಾಡಿ ಕೈಗೆ ಬಂದ ದಿನ ಒಂದು ಗಂಟೆ ಅದರೊಳಗೇ ಕೂತು ಎಲ್ಲವನ್ನೂ ಹಾಕಿ ನೋಡಿ. ನಾವು ನೋಡಲಿಲ್ಲ. ಮೊದಲ ರಾತ್ರಿಯೇ ಫ್ರಿಜ್ ಸತ್ತುಹೋಯಿತು. ಬ್ಯಾಟರಿ ಹಳೆಯದು. ಇನ್ಸುಲಿನ್ ಅಕ್ಕನ ಮನೆಯ ಫ್ರಿಜ್ಜಿಗೆ ಹೋಯಿತು, ಕೊತ್ತಂಬರಿ ಸೊಪ್ಪಿನ ಪಕ್ಕ.

ಬ್ಯಾಟರಿಯ ಲೆಕ್ಕ

ಇದು ಮನೆಯ ಯುಪಿಎಸ್ ಇದ್ದ ಹಾಗೇ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಅಂದರೆ 1,200 ವ್ಯಾಟ್-ಅವರ್. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ, ಅಂದರೆ 600 ಮಾತ್ರ ಬಳಸಬೇಕು. ಇಲ್ಲದಿದ್ದರೆ ಬೇಗ ಹಾಳಾಗುತ್ತೆ. ಗಾಡಿಯ ಪುಟ್ಟ ಫ್ರಿಜ್ 45 ವ್ಯಾಟಿನದು, ಅರ್ಧ ಹೊತ್ತು ಓಡುತ್ತೆ ಎಂದಿಟ್ಟುಕೊಳ್ಳಿ. ದಿನಕ್ಕೆ 540 ವ್ಯಾಟ್-ಅವರ್ ಆಯಿತು. ಅಲ್ಲಿಗೆ ಕತೆ ಮುಗಿಯಿತು. ಲೈಟು, ಫ್ಯಾನು, ನೀರಿನ ಪಂಪಿಗೆ ಎಲ್ಲಿಂದ ತರುತ್ತೀರಿ? ಇಂಡಕ್ಷನ್ ಒಲೆಯನ್ನಂತೂ ಬ್ಯಾಟರಿಯ ಮೇಲೆ ಹಚ್ಚುವ ಯೋಚನೆಯೇ ಬೇಡ.

ಅದಕ್ಕೇ ನೆಂಟರ ಮನೆಯ ಕರೆಂಟ್ ಬೇಕು. ಹಾಲ್‌ನ ಸಣ್ಣ ಪಿನ್ನಿನ ಸಾಕೆಟ್ಟಿಗೆ ಚುಚ್ಚಬೇಡಿ. ಗೀಸರಿಗೋ ವಾಷಿಂಗ್ ಮೆಷಿನ್ನಿಗೋ ಹಾಕಿಸಿದ 16 ಆಂಪಿಯರ್ ಪವರ್ ಪ್ಲಗ್ ಕೇಳಿ. ಅರ್ತಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ನಿಂದ ನೋಡಿಸಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ ಹರಡಿ, ಸುತ್ತಿಕೊಂಡಿದ್ದರೆ ಬಿಸಿಯಾಗುತ್ತೆ. ಹೊರಡುವಾಗ ಕರೆಂಟಿನ ಬಾಬ್ತು ಎಂದು ಕೈಯಲ್ಲಿ ದುಡ್ಡು ಇಡಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಬರುವಾಗಲೇ ಎರಡು ಕೆ.ಜಿ. ಸ್ವೀಟು ತನ್ನಿ.

ಗ್ಯಾಸ್ ಇರುವ ಗಾಡಿಯಾದರೆ ಓಡುವಾಗ ಸಿಲಿಂಡರಿನ ವಾಲ್ವ್ ಬಂದ್ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಕೂರುತ್ತೆ. ಕೆಳಗಿನ ಗಾಳಿಕಿಂಡಿಗೆ ಚೀಲ ಅಡ್ಡ ಇಡಬೇಡಿ. ಅಡುಗೆ ಅಂತ ನಾವು ಮಾಡಿದ್ದು ಕಾಫಿ, ಒಂದು ದಿನ ಒಗ್ಗರಣೆ ಅವಲಕ್ಕಿ, ಅಷ್ಟೇ. ನಾನು ಹೊತ್ತುಕೊಂಡು ಹೋದ ಪುಳಿಯೋಗರೆ ಗೊಜ್ಜು, ಸಾರಿನ ಪುಡಿ ಹಾಗೇ ವಾಪಸ್ ಬಂದವು.

ಟ್ಯಾಂಕು ಖಾಲಿ ಮಾಡುವುದು

ಇದನ್ನು ಯಾರೂ ಹೇಳಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಟಾಯ್ಲೆಟ್ಟಿನ ಕೆಳಗೆ ಸೂಟ್‌ಕೇಸಿನಂಥ ಒಂದು ಡಬ್ಬ ಇರುತ್ತೆ, ಸುಮಾರು 20 ಲೀಟರ್ ಹಿಡಿಯುತ್ತೆ. ಇಬ್ಬರಿಗೆ ಎರಡು ಮೂರು ದಿನ. ಅದನ್ನು ಎಳೆದು ತೆಗೆದು ಮನೆಯ ಟಾಯ್ಲೆಟ್ಟಿಗೆ ನಿಧಾನಕ್ಕೆ ಸುರಿದು ಎರಡು ಬಕೆಟ್ ನೀರು ಹಾಕಬೇಕು. ಅದಕ್ಕೆ ಇಂಡಿಯನ್ ಟಾಯ್ಲೆಟ್ಟೇ ಒಳ್ಳೆಯದು. ನಾನು ಹೆದರಿದ್ದ ಅಕ್ಕನ ಮನೆಯ ಟಾಯ್ಲೆಟ್ಟು ಕೊನೆಗೆ ಹೀಗೆ ಉಪಯೋಗಕ್ಕೆ ಬಂತು! ಹಳ್ಳಿಯಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ದರೆ ವಾಸನೆ ಬರದಿರಲಿ ಎಂದು ಡಬ್ಬಕ್ಕೆ ಹಾಕುವ ಕೆಮಿಕಲ್ ಕಮ್ಮಿ ಹಾಕಿ, ಜಾಸ್ತಿಯಾದರೆ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಯಾವ ಹೊತ್ತಿಗೆ ಮಾಡಬೇಕು? ಮನೆಯವರೆಲ್ಲ ಟಿ.ವಿ. ಮುಂದೆ ಕೂತಾಗ.

ಪಾತ್ರೆ ತೊಳೆದ ನೀರಿನದು ಚಿಂತೆಯಿಲ್ಲ. ಸಾಗರದ ಚಿಕ್ಕಪ್ಪ, "ಬಾಳೆ ಬುಡಕ್ಕೆ ಬಿಡಿ" ಅಂದರು.

ಅಂಗಳಕ್ಕೆ ಇಳಿಸುವುದು

ನೆಂಟರಿಂದ ಮೂರು ಫೋಟೊ ತರಿಸಿಕೊಳ್ಳಿ. ಗೇಟಿನದು, ಬೀದಿಯದು, ತಲೆ ಎತ್ತಿ ತೆಗೆದ ವೈರುಗಳದು. ಮೂರನೆಯದನ್ನು ನಾವು ಕೇಳಿರಲಿಲ್ಲ. ಹಾಸನದಲ್ಲಿ ನಾದಿನಿಯ ಬೀದಿಗೆ ತಿರುಗಿದರೆ ಕೇಬಲ್ ವೈರುಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿದ್ದವು. ಗಾಡಿಯ ತಲೆ ಮೇಲಿನ ಎಸಿ ಪೆಟ್ಟಿಗೆಗೆ ಒಂದು ಗೇಣು ಕಮ್ಮಿ. ಇಡೀ ಬೀದಿಯವರು ಹೊರಗೆ ಬಂದರು. ಒಬ್ಬರು "ಬರ್ಲಿ ಬರ್ಲಿ" ಅಂದರೆ ಇನ್ನೊಬ್ಬರು "ಲೆಫ್ಟ್ ಕಟ್, ಲೆಫ್ಟ್ ಕಟ್". ಒಬ್ಬ ಹುಡುಗ ಕೋಲು ತಂದು ವೈರು ಎತ್ತಲು ಹೊರಟ. ನಾನು ಕಿರುಚಿ ನಿಲ್ಲಿಸಿದೆ. ಯಾವುದು ಕೇಬಲ್, ಯಾವುದು ಕರೆಂಟ್ ಎಂದು ಯಾರಿಗೆ ಗೊತ್ತು? ಇನ್ನೂರು ಅಡಿ ರಿವರ್ಸ್ ಬಂದು ಪಕ್ಕದ ಕಲ್ಯಾಣ ಮಂಟಪದ ಅಂಗಳದಲ್ಲಿ ನಿಲ್ಲಿಸಿದೆವು. ಮುಹೂರ್ತ ಇಲ್ಲದ ದಿನ ಕೇಳಿಕೊಂಡರೆ ಮಂಟಪದವರು ಬಿಡುತ್ತಾರೆ. ನೀರು, ಕರೆಂಟು, ವಾಚ್‌ಮನ್ ಎಲ್ಲ ಅಲ್ಲೇ. ಶಿವಮೊಗ್ಗದಲ್ಲೂ ಇದೇ ಉಪಾಯ ಮಾಡಿದೆವು. ನನ್ನ ಕೇಳಿದರೆ ಕರ್ನಾಟಕದಲ್ಲಿ ಮೋಟಾರ್‌ಹೋಮಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಿಲ್ಲಿಸಿದ ಮೇಲೆ ನೆಲ ಸಮ ಇದೆಯಾ ನೋಡಬೇಕು. ಗಾಡಿಯೊಳಗೆ ಒಂದು ನಿಂಬೆಹಣ್ಣು ಇಡಿ. ಯಾವ ಕಡೆ ಉರುಳುತ್ತೋ ಆ ಕಡೆಯ ಚಕ್ರದ ಕೆಳಗೆ ಹಲಗೆ ಕೊಡಿ. ಪೂರ್ತಿ ಸಮ ಆಗದಿದ್ದರೆ ತಲೆ ಹಾಕುವ ಕಡೆ ಎತ್ತರ ಇರಲಿ. ತೆಂಗಿನ ಮರದ ಕೆಳಗೆ ನಿಲ್ಲಿಸಲೇಬೇಡಿ. ಕಾಯಿ ಬಿದ್ದರೂ ಕಷ್ಟ, ಸಿಡಿಲು ಬಿದ್ದರಂತೂ ಹೇಳುವುದೇ ಬೇಡ. ಮಳೆ ಬಿದ್ದ ಮಣ್ಣಿನ ಮೇಲೆ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಚಕ್ರ ಹೂತಿರುತ್ತೆ.

ಮಲೆನಾಡಿಗೆ ಹೋಗುವವರಿಗೆ ಇನ್ನೊಂದು ಮಾತು. ಅಡಿಕೆ ಕೊಯ್ಲು ಶುರುವಾಗಿದ್ದರೆ ಅಂಗಳ ನಿಮ್ಮದಲ್ಲ. ಬೇಯಿಸಿದ ಅಡಿಕೆ ಹರಡಿದ ಮೇಲೆ ಅಲ್ಲಿ ಕಾಲಿಡಲೂ ಜಾಗ ಇರಲ್ಲ. ಎಲ್ಲಿ ನಿಲ್ಲಿಸಲಿ ಎಂದು ಮೊದಲೇ ಕೇಳಿ. ನಾವು ಕೊಟ್ಟಿಗೆಯ ಪಕ್ಕ ನಿಲ್ಲಿಸಿದೆವು. ಬೆಳಗಿನ ಜಾವ ಕರು ಬಂದು ಗಾಡಿಗೆ ಮೈ ಉಜ್ಜುತ್ತಿತ್ತು, ಭೂಕಂಪ ಅಂದುಕೊಂಡು ಯಜಮಾನರು ಎದ್ದು ಕೂತರು.

"ನಮ್ಮನೆ ಇರುವಾಗ ಗಾಡಿಯಲ್ಲಿ ಮಲಗ್ತೀರಾ?"

ಎಲ್ಲಕ್ಕಿಂತ ಕಷ್ಟ ಇದೇ. ಸಾಗರದ ಚಿಕ್ಕಮ್ಮ ಬಾಗಿಲಲ್ಲೇ ತಡೆದರು. "ಎಂಥ ಮಾರಾಯ್ತಿ ಇದು, ಮೂರು ಕೋಣೆ ಖಾಲಿ ಬಿದ್ದಿದೆ. ಊರವರು ನಮ್ಮನ್ನ ಏನಂತಾರೆ?"

ಆರೋಗ್ಯದ ಕಾರಣವನ್ನು ಫೋನಿನಲ್ಲೇ ಹೇಳಿಬಿಡಬೇಕು, ಬಂದ ಮೇಲೆ ಅಲ್ಲ. ಅದೂ ಹೆಂಗಸರು ಹೆಂಗಸರಿಗೇ ಹೇಳಬೇಕು. "ಇವರಿಗೆ ಮಂಡಿ ನೋವು, ರಾತ್ರಿ ಏಳ್ತಾ ಇರ್ತಾರೆ, ನಿಮ್ಮ ನಿದ್ದೆ ಹಾಳು" ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಇನ್ನು ಊಟ, ಸ್ನಾನ, ಹರಟೆ ಎಲ್ಲ ಅವರ ಮನೆಯಲ್ಲೇ. ಬೆಳಿಗ್ಗೆ ಎದ್ದ ತಕ್ಷಣ ಒಳಗೆ ಹೋಗಿ ಹೂವು ಬಿಡಿಸಿ, ಕಾಯಿ ತುರಿಯಿರಿ. ಗಾಡಿ ಮಲಗುವುದಕ್ಕೆ ಮಾತ್ರ.

ಎರಡನೇ ದಿನ ಸಂಜೆ ಮನೆಯವರನ್ನೆಲ್ಲ ನಿಮ್ಮ ಗಾಡಿಗೆ ಕಾಫಿಗೆ ಕರೆಯಿರಿ. ನಾಲ್ಕು ಜನ ಕೂರುವ ಜಾಗದಲ್ಲಿ ಒಂಬತ್ತು ಜನ ಕೂತರು. ಬೇಡ ಅಂದಿದ್ದ ಚಿಕ್ಕಮ್ಮ ಹಾಸಿಗೆ ಒತ್ತಿ ನೋಡಿ, ನಲ್ಲಿ ತಿರುಗಿಸಿ ನೋಡಿ, ಕಪಾಟು ತೆಗೆದು ನೋಡಿ, "ಧರ್ಮಸ್ಥಳಕ್ಕೆ ಹೋಗಲು ಎಷ್ಟು ತಗೊಳ್ತಾರಂತೆ?" ಅಂತ ನಮ್ಮ ಡ್ರೈವರನ್ನೇ ಕೇಳಿದರು.

ಎರಡು ರಾತ್ರಿ ಆದ ಮೇಲೆ ಹೊರಡಿ. ಮೂರನೆಯದಕ್ಕೆ ಎಷ್ಟು ಒತ್ತಾಯ ಮಾಡಿದರೂ ಹೊರಡಿ.

ವಾಪಸ್ ಕೊಡುವಾಗ

ಸಾಗರದಿಂದ ಬೆಂಗಳೂರಿಗೆ ಒಂದೇ ಉಸಿರಿಗೆ ಬರಬೇಡಿ. ನಾವು ತಿಪಟೂರಿನಲ್ಲಿ ಒಂದು ರಾತ್ರಿ ನಿಂತೆವು. ಭಾನುವಾರ ಸಂಜೆ ತುಮಕೂರು ರಸ್ತೆಗೆ ಬಂದು ಸಿಕ್ಕಿಕೊಳ್ಳುವ ಬದಲು ವಾರದ ನಡುವಿನ ಬೆಳಿಗ್ಗೆ ಊರು ಸೇರಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಈ ಗಾಡಿ ಇಳಿಯಲ್ಲ. ಸಾಮಾನು ಇಳಿಸಲು ಗೇಟಿನ ಹೊರಗೆ ಅರ್ಧ ಗಂಟೆ ಬೇಕು ಎಂದು ಸೆಕ್ಯೂರಿಟಿಗೆ ಹೇಳಿಡಿ. ಟ್ಯಾಂಕು ಖಾಲಿ ಮಾಡಿ, ಒಳಗಿನ ಗೀರು, ಕಲೆ ಎಲ್ಲ ವಿಡಿಯೊ ಮಾಡಿಕೊಳ್ಳಿ.

ಹಾಸಿಗೆಯ ಕೆಳಗಿನ ಪೆಟ್ಟಿಗೆಯನ್ನೂ ತೆರೆದು ನೋಡಿ. ನಾವು ಚಿಕ್ಕಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಅಲ್ಲೇ ಬಿಟ್ಟು ಬಂದಿದ್ದೆವು. ಮಾರನೇ ದಿನ ಡ್ರೈವರಿಗೆ ಫೋನ್ ಮಾಡಿದರೆ, "ಇದೆ ಮೇಡಂ, ಜೋಪಾನವಾಗಿ ಇಟ್ಟಿದೀನಿ" ಅಂದ. ವಾರ ಬಿಟ್ಟು ತಂದುಕೊಟ್ಟ. ಜಾಡಿ ಅರ್ಧ ಇತ್ತು.