ಶ್ರಮದಾನಕ್ಕೆ ಹುಡುಗರನ್ನು ಹೊರಡಿಸುವುದು ಹೇಗೆ?

ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಡಿಕೊಳ್ಳುವುದು ನನ್ನ ಕೆಲಸ. ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರೆ ಅಮಾನಿಕೆರೆ ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕಲು ಯಾರೂ ಬರುವುದಿಲ್ಲ. ಹುಡುಗರ ಮೊದಲ ಪ್ರಶ್ನೆಯೇ "ಯಾರ್ಯಾರು ಬರ್ತಾರೆ ಸಾರ್?" ಏನು ಕೆಲಸ ಅನ್ನುವುದು ಆಮೇಲೆ.

ಹಾಗಾಗಿ ಎದುರಿಗೇ ಸಿಕ್ಕಿ ಕರೆಯಿರಿ. ಒಬ್ಬೊಬ್ಬರನ್ನಲ್ಲ, ಜೊತೆಗಾರರನ್ನು ಸೇರಿಸಿ ಕರೆಯಿರಿ. ಕೊನೇ ಬೆಂಚಿನಲ್ಲಿ ಯಾರ ಮಾತಿಗೆ ಉಳಿದವರೆಲ್ಲ ನಗುತ್ತಾರೋ ಅವನನ್ನು ಮೊದಲು ಹಿಡಿಯಿರಿ. ಕ್ಲಾಸಿಗೆ ಫಸ್ಟ್ ಬರುವವನು ಬಂದರೆ ಒಬ್ಬನೇ ಬರುತ್ತಾನೆ, ಇವನು ಬಂದರೆ ಬೆಂಚೇ ಬರುತ್ತದೆ. ಹಾಸ್ಟೆಲ್ಲಿನಲ್ಲೂ ಒಂದು ರೂಮು ಒಪ್ಪಿದರೆ ಸಾಕು. ಗುಬ್ಬಿ, ಶಿರಾ ಕಡೆಯಿಂದ ದಿನಾ ಓಡಾಡುವವರಾದರೆ ಒಂದೇ ಬಸ್ಸಿನವರನ್ನು ಒಂದೇ ತಂಡಕ್ಕೆ ಹಾಕಿ.

ಏಳು ದಿನದ ವಿಶೇಷ ಶಿಬಿರದ ಕಥೆ ಬೇರೆ. ಅಲ್ಲಿ ತೀರ್ಮಾನ ಮಾಡುವವರು ಮನೆಯವರು, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ಫೋನ್ ಮಾಡಿದಾಗ ಸಮಾಜಸೇವೆ, ವ್ಯಕ್ತಿತ್ವ ಅಂತ ಭಾಷಣ ಬಿಗಿಯಬೇಡಿ. ಅಮ್ಮಂದಿರು ಕೇಳುವುದು ಇಷ್ಟೇ: "ರಾತ್ರಿ ಎಲ್ಲಿ ಮಲಗ್ತಾರೆ? ಮೇಡಮ್ಮೋರು ಜೊತೇಲಿರ್ತಾರಾ? ನಮ್ಮೂರ ಕಡೆಯಿಂದ ಇನ್ಯಾರು ಬರ್ತಿದಾರೆ?" ಮೂರಕ್ಕೂ ನೇರ ಉತ್ತರ ಕೊಡಿ. ಮೂರನೆಯದಕ್ಕೆ ಒಂದು ಹೆಸರು ಹೇಳಿದ ತಕ್ಷಣ ಆ ಕಡೆಯ ದನಿಯೇ ಬದಲಾಗುತ್ತದೆ. "ಓ, ಅವರ ಮಗಳಾ? ಹಂಗಾದ್ರೆ ಕಳಿಸ್ತೀವಿ ಬಿಡಿ." ಮನೆಯಲ್ಲಿ ಯಾರಾದರೂ ಸಿದ್ಧಗಂಗಾ ಮಠದಲ್ಲಿ ಓದಿದ್ದರಂತೂ ಕೆಲಸ ಸಲೀಸು. ದಾಸೋಹ ಕಂಡವರಿಗೆ ಸೇವೆ ಅಂದರೇನು ಅಂತ ನಾವು ಹೇಳಬೇಕಾ?

ಸರ್ಟಿಫಿಕೇಟಿಗೋಸ್ಕರ ಬರುವವರನ್ನು ಹೀಯಾಳಿಸಬೇಡಿ. ವರ್ಷಕ್ಕೆ 120 ಗಂಟೆ ಸೇವೆ, ಎರಡು ವರ್ಷಕ್ಕೆ 240 ಅಂತ ಲೆಕ್ಕವನ್ನು ಮೊದಲೇ ಹೇಳಿಬಿಡಿ. ಕಾಗದಕ್ಕೆ ಅಂತ ಬಂದವರು ಗೆಳೆಯರಿಗೋಸ್ಕರ ಉಳಿದುಕೊಳ್ಳುವುದು ಮಾಮೂಲು.

ಗೆಳೆಯರ ಈ ಒತ್ತಡಕ್ಕೆ ಕಡಿವಾಣ ಬೇಕಾಗುವುದು ರಕ್ತದಾನದಲ್ಲಿ. "ಹೆದರ್ಕೊಂಡ್ಯಾ?" ಅಂತ ರೇಗಿಸಿದರೆ ಮೈಯಲ್ಲಿ ಶಕ್ತಿಯಿಲ್ಲದವನೂ ಸಾಲಿಗೆ ನಿಲ್ಲುತ್ತಾನೆ. ಕ್ಲಾಸಿನಲ್ಲಿ ಕೈ ಎತ್ತಿಸಲೇಬೇಡಿ. ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು, ನಮ್ಮ ಹುಡುಗಿಯರಲ್ಲಿ ಇದಕ್ಕಿಂತ ಕಡಿಮೆ ಇರುವವರು ಸುಮಾರು ಜನ. ತಪಾಸಣೆಯಲ್ಲಿ ವಾಪಸ್ ಬಂದವರಿಗೆ ಹೆಸರು ಬರೆದುಕೊಳ್ಳುವ ಅಥವಾ ಜ್ಯೂಸ್, ಬಿಸ್ಕತ್ತು ಕೊಡುವ ಕೆಲಸ ಕೊಡಿ. ಯಾಕೆ ರಕ್ತ ಕೊಡಲಿಲ್ಲ ಅಂತ ಯಾರೂ ಕೇಳುವುದಿಲ್ಲ.