ಪೆಟ್ರೋಲ್ ಮುಚ್ಚಳದ ಒಳಗಿದ್ದ 95

2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನು ನಾನು ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡಿದ್ದು 2022ರ ಕೊನೆಗೆ. ಎರಡು ಲೀಟರ್ ಟರ್ಬೊ ಎಂಜಿನ್, 230 ಎಚ್‌ಪಿ. ದಾವಣಗೆರೆಗೆ ತಂದ ದಿನವೇ ಪಿ.ಬಿ. ರಸ್ತೆಯ ಬಂಕಿನ ಹುಡುಗ ಕೇಳಿದ, "ಅಣ್ಣಾ, ಸಾದಾ ಹಾಕ್ಲೋ, ಪವರ್ ಹಾಕ್ಲೋ?" ನನಗೆ ಉತ್ತರ ಗೊತ್ತಿರಲಿಲ್ಲ. ಪವರ್ ಅಂದರೆ ಪ್ರೀಮಿಯಂ ಪೆಟ್ರೋಲ್, ಸಾದಾಗೂ ಅದಕ್ಕೂ ಲೀಟರ್‌ಗೆ ಏಳೆಂಟು ರೂಪಾಯಿ ವ್ಯತ್ಯಾಸ. ಟ್ಯಾಂಕ್ ತುಂಬಿಸಿದರೆ ಹತ್ತಿರ ಹತ್ತಿರ ನಾನೂರು ಜಾಸ್ತಿ. ಸಾದಾನೇ ಹಾಕಿಸಿದೆ.

ಊರೊಳಗೆ ಓಡಾಡುವಾಗ ಏನೂ ಅನ್ನಿಸಲಿಲ್ಲ. ಗೊತ್ತಾಗಿದ್ದು 2023ರ ಏಪ್ರಿಲ್‌ನಲ್ಲಿ, ಹಿರಿಯೂರಿನಿಂದ ವಾಪಸ್ ಬರುವಾಗ. ಮಧ್ಯಾಹ್ನದ ಬಿಸಿಲು, ಎಸಿ ಫುಲ್, ಒಳಗೆ ನಾಲ್ಕು ಜನ, ಡಿಕ್ಕಿ ತುಂಬ ಲಗೇಜು. ಐಮಂಗಲ ದಾಟಿದ ಮೇಲೆ ದುರ್ಗದ ಕಡೆಗೆ ಏರು. ಗೇರನ್ನು ಮ್ಯಾನ್ಯುಯಲ್‌ಗೆ ಹಾಕಿ ಐದರಲ್ಲೇ ಇಟ್ಟುಕೊಂಡಿದ್ದೆ. ಮುಂದಿದ್ದ ಲಾರಿ ದಾಟೋಣ ಅಂತ ಆಕ್ಸಿಲರೇಟರ್ ಜೋರಾಗಿ ತುಳಿದೆ. ಬಾನೆಟ್ ಒಳಗಿಂದ ಸಣ್ಣಗೆ ಒಂದು ಸದ್ದು ಬಂತು, ತಗಡಿನ ಡಬ್ಬಿಯಲ್ಲಿ ಜಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ. ಒಂದು ಸೆಕೆಂಡು ಇತ್ತೋ ಏನೋ, ನಿಂತುಹೋಯಿತು. ಅದರ ಹಿಂದೆಯೇ ಕಾರಿನ ಎಳೆತವೂ ಇಳಿಯಿತು. ಲಾರಿ ಹಿಂದೆಯೇ ಉಳಿದೆ.

ಮನೆಗೆ ಬಂದು ಪೆಟ್ರೋಲ್ ಮುಚ್ಚಳ ತೆಗೆದು ನೋಡಿದೆ. ಒಳಗೆ ಚಿಕ್ಕ ಸ್ಟಿಕ್ಕರ್. ಅದರಲ್ಲಿ 95 ಅಂತ ಬರೆದಿತ್ತು. ಅಷ್ಟು ತಿಂಗಳು ನಾನು ಹಾಕಿಸಿದ್ದ ಸಾದಾ ಪೆಟ್ರೋಲ್ 91ರದ್ದು.

ಆಕ್ಟೇನ್ ಅನ್ನುವ ಈ ಸಂಖ್ಯೆಯನ್ನು ತುಂಬಾ ಜನ ಶಕ್ತಿಯ ಲೆಕ್ಕ ಅಂದುಕೊಂಡಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಅದು ಶಕ್ತಿಯ ಲೆಕ್ಕ ಅಲ್ಲ, ತಡೆದುಕೊಳ್ಳುವ ಲೆಕ್ಕ. ಸಿಲಿಂಡರ್ ಒಳಗೆ ಪೆಟ್ರೋಲ್ ಮತ್ತು ಗಾಳಿ ಪ್ಲಗ್ಗಿನ ಕಿಡಿಯಿಂದ ಶುರುವಾಗಿ ಸಮನಾಗಿ ಉರಿಯಬೇಕು. ಒತ್ತಡ, ಶಾಖ ಜಾಸ್ತಿಯಾದರೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿರುವುದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೆಂಚು ಹದ ಮೀರಿ ಕಾದಿದ್ದರೆ ದೋಸೆ ಹಿಟ್ಟು ಹರಡುವ ಮೊದಲೇ ಹಿಡಿದುಬಿಡುತ್ತದಲ್ವಾ, ಹಾಗೆ. ನಾನು ಕೇಳಿದ ಸದ್ದು ಅದೇ, ನಾಕಿಂಗ್. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಇಂಥ ಎಂಜಿನ್‌ಗೆ ಈ ಕಾಟ ಜಾಸ್ತಿ. ಎಂಜಿನ್ ಮೇಲೆ ಕೂತಿರುವ ನಾಕ್ ಸೆನ್ಸರ್ ಆ ನಡುಕ ಹಿಡಿದ ಕೂಡಲೇ ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ಕಿಡಿಯನ್ನು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಎಳೆತ ಹೋಗುತ್ತದೆ. ದುಡ್ಡು ಕೊಟ್ಟು ತಂದ 230ರಲ್ಲಿ ಒಂದಷ್ಟನ್ನು ನಾನೇ ಬಿಟ್ಟುಕೊಟ್ಟಿದ್ದೆ. ಅದು ನನಗೆ ನಿಜವಾಗಲೂ ಬೇಜಾರಾಯ್ತು.

ಸುಮ್ನೆ ನಂಬುವುದು ಬೇಡ, ಅಳೆದು ನೋಡೋಣ ಅಂತ ಕಾರಿನ ಕಂಪ್ಯೂಟರಿನ ಲೆಕ್ಕ ಓದುವ ಓಬಿಡಿ ಡಾಂಗಲ್ ತಂದು ಫೋನ್‌ಗೆ ಜೋಡಿಸಿದೆ. ಸಾದಾ ಮೂರು ಟ್ಯಾಂಕ್, 95ರ ಪ್ರೀಮಿಯಂ ಮೂರು ಟ್ಯಾಂಕ್. ಒಂದೇ ಬಂಕ್, ಪ್ರತಿ ಸಲವೂ ನಾಝಲ್ ತಾನಾಗಿ ಕಟ್ ಆಗುವವರೆಗೆ ಮಾತ್ರ. ದಾವಣಗೆರೆಯಿಂದ ಹಿರಿಯೂರಿಗೆ ಹೋಗಿ ಬಂದರೆ ಸುಮಾರು 200 ಕಿಲೋಮೀಟರ್, ಅದೇ ದಾರಿ. ಗೆಳೆಯ ಪಕ್ಕದಲ್ಲಿ ಕೂತು ಫೋನ್ ನೋಡಿ ಬರೆದುಕೊಂಡ. ಅದೇ ಏರಿನಲ್ಲಿ, ಅದೇ ಗೇರಿನಲ್ಲಿ, ಸಾದಾ ಇದ್ದಾಗ ಕಿಡಿ, ಎಂಜಿನ್ ತಿರುಗುವ ಲೆಕ್ಕದಲ್ಲಿ, ಆರೇಳು ಡಿಗ್ರಿ ಹಿಂದೆ ಸರಿಯುತ್ತಿತ್ತು, ಅಂದರೆ ತಡವಾಗುತ್ತಿತ್ತು. 95 ಇದ್ದಾಗ ಎರಡು, ಹೆಚ್ಚೆಂದರೆ ಮೂರು. ಜಲ್ಲಿ ಸದ್ದು ಒಮ್ಮೆಯೂ ಬರಲಿಲ್ಲ.

ಮೈಲೇಜ್? ಸಾದಾದಲ್ಲಿ 12.4, 95ರಲ್ಲಿ 12.7. ಅಷ್ಟು ವ್ಯತ್ಯಾಸ ಎದುರು ಗಾಳಿಯಿಂದಲೇ ಬಂದೀತು. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲವಲ್ಲ. ಮೈಲೇಜ್‌ನಲ್ಲಿ ದುಡ್ಡು ವಾಪಸ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೆಂಗಳೂರಿಗೆ ಹೋದಾಗ ಒಮ್ಮೆ 100ರ ಪೆಟ್ರೋಲನ್ನೂ ಹಾಕಿಸಿದೆ. ನನ್ನದು ಕಂಪನಿ ಟ್ಯೂನ್ ಇರುವ ಕಾರು, ಹೊರಗೆ ರೀಮ್ಯಾಪ್, ಅಂದರೆ ಇಸಿಯು ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿಲ್ಲ. ಏನೂ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಹಾಕಿಸಿಲ್ಲ. ಅಪ್ಪನ ವ್ಯಾಗನ್‌ಆರ್‌ಗೂ ಪವರ್ ಹಾಕಿಸ್ತಿದ್ವಿ, ಅದನ್ನೂ ನಿಲ್ಲಿಸಿದೆ. ಟರ್ಬೊ ಇಲ್ಲದ ಆ ಎಂಜಿನ್‌ಗೆ 91 ಸಾಕು.

ಈಗ ಬಂಕ್‌ಗಳಲ್ಲಿ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಲೆಕ್ಕ ಬದಲಾಗಿದೆ. ಎಥನಾಲ್‌ಗೆ ಆಕ್ಟೇನ್ ಜಾಸ್ತಿ, ಹಾಗಾಗಿ ಇ20 ಪೆಟ್ರೋಲ್ 95 ಮುಟ್ಟುತ್ತದೆ ಅಂತ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು. ಹೋದ ಬೇಸಿಗೆಯಲ್ಲಿ ಅದೇ ಏರಿನಲ್ಲಿ ಮತ್ತೆ ಅಳೆದೆ. ಸಾದಾದಲ್ಲೂ ಕಿಡಿ ಮೂರ್ನಾಲ್ಕು ಡಿಗ್ರಿಗಿಂತ ಹಿಂದೆ ಹೋಗಲಿಲ್ಲ. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಮೈಲೇಜ್ 11.8ಕ್ಕೆ ಇಳಿಯಿತು. ಪ್ರೀಮಿಯಂ ಅಂದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲ ಅಂತಲ್ಲ, ಪಂಪಿನ ಮೇಲಿನ ಸ್ಟಿಕ್ಕರ್ ಓದಿ ನೋಡಿ.

ಹಾಗಾಗಿ ಈಗ ಊರೊಳಗೆ ಸಾದಾ ಹಾಕಿಸ್ತೀನಿ. ಬೇಸಿಗೆಯಲ್ಲಿ ನಾಲ್ಕು ಜನ ಹತ್ತಿ ಹೈವೇಗೆ ಹೊರಟರೆ ಮಾತ್ರ ಪ್ರೀಮಿಯಂ. ಟ್ಯಾಂಕ್ ಖಾಲಿಯಾಗುವ ತನಕ ಕಾಯಬೇಕಿಲ್ಲ, ಉಳಿದ ಸಾದಾ ಮೇಲೆಯೇ ಹಾಕಿಸಬಹುದು. ಕಾರು ಇ20ಕ್ಕೂ ಮೊದಲಿನದ್ದು ಅಂತ ಪ್ರತಿ ಸರ್ವಿಸ್‌ನಲ್ಲೂ ಇಂಧನದ ರಬ್ಬರ್ ಪೈಪ್‌ಗಳನ್ನು ಮೆಕ್ಯಾನಿಕ್ ಜೊತೆ ನಿಂತು ಬೆರಳಲ್ಲಿ ಒತ್ತಿ ನೋಡ್ತೀನಿ. ಈ ಸಲ ಬಿರುಕು ಇರಲಿಲ್ಲ.