ಲ್ಯಾಂಬ್ಡಾ ಫೇಜ್ ಎಬ್ಬಿಸುವ ಪ್ರಯೋಗ: ಕ್ಯಾನ್ಸರ್ ಪಾಠಕ್ಕೊಂದು ಮಾದರಿ

ವೈರಸ್ ಕೋಶದ ಡಿಎನ್‌ಎಯಲ್ಲಿ ಸೇರಿಕೊಂಡು ತಲೆಮಾರುಗಟ್ಟಲೆ ಸುಮ್ಮನಿರಬಲ್ಲದು, ಡಿಎನ್‌ಎಗೆ ಪೆಟ್ಟು ಬಿದ್ದರೆ ಏಳಬಲ್ಲದು. 1950ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಲ್ವೋಫ್ ಮತ್ತು ಸಂಗಡಿಗರು ಯುವಿ ಬೆಳಕಿನಿಂದ ಇದನ್ನು ತೋರಿಸಿದರು. ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಅಡಗಿರುವ ಲ್ಯಾಂಬ್ಡಾ ಫೇಜ್ (ಬ್ಯಾಕ್ಟೀರಿಯಾಗೆ ತಗಲುವ ಒಂದು ವೈರಸ್) ಬಳಸಿ ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲೂ ಮಾಡಿ ನೋಡಬಹುದು.

ಮೊದಲು ತಳಿ ಯಾವುದೆಂದು ವಿಚಾರಿಸಿ. ಸಿಐ857 (ಫೇಜಿನ ಸಿಐ ಜೀನಿನ ಬದಲಾದ ರೂಪ) ಇರುವ ತಳಿಯಾದರೆ, ಫೇಜನ್ನು ಸುಮ್ಮನಿರಿಸುವ ಅದರ ತಡೆ ಪ್ರೋಟೀನು ಬಿಸಿಗೇ ಕೆಡುತ್ತದೆ. ಬಳ್ಳಾರಿಯ ಮೇ ತಿಂಗಳಲ್ಲಿ ಕೋಣೆಯ ಶಾಖವೇ ಫೇಜನ್ನು ಎಬ್ಬಿಸೀತು, ಯುವಿ ಲೆಕ್ಕ ತಪ್ಪೀತು. ಸಾಮಾನ್ಯ ಲ್ಯಾಂಬ್ಡಾ ಹೊತ್ತ ಇ. ಕೋಲೈ ಕೆ-12 ಸಾಕು.

37 ಡಿಗ್ರಿಯಲ್ಲಿ ಚುರುಕಾಗಿ ಬೆಳೆಯುತ್ತಿರುವ 10 ಮಿ.ಲೀ. ಕಲ್ಚರನ್ನು ಸೆಂಟ್ರಿಫ್ಯೂಜ್ ಮಾಡಿ, ತಳಕ್ಕಿಳಿದ ಬ್ಯಾಕ್ಟೀರಿಯಾವನ್ನು ಅಷ್ಟೇ ಪ್ರಮಾಣದ, 10 ಮಿಲಿಮೋಲಾರ್ ಸಾಂದ್ರತೆಯ ಮೆಗ್ನೀಸಿಯಂ ಸಲ್ಫೇಟ್ ದ್ರಾವಣದಲ್ಲಿ ಕದಡಿ. ಬ್ರಾತ್‌ನಲ್ಲೇ (ಬೆಳೆಸಿದ ಪೋಷಕ ದ್ರವದಲ್ಲೇ) ಬಿಟ್ಟರೆ ಅದು ಯುವಿಯನ್ನು ನುಂಗಿಬಿಡುತ್ತದೆ. 5 ಮಿ.ಲೀ. ಪೆಟ್ರಿ ಡಿಶ್‌ಗೆ ಹಾಕಿ, ಮುಚ್ಚಳ ತೆಗೆದು, 254 ನ್ಯಾನೋಮೀಟರ್ ದೀಪದ ಕೆಳಗೆ 50 ಸೆಂ.ಮೀ. ದೂರದಲ್ಲಿ ಅಲುಗಿಸುತ್ತಾ ಹಿಡಿಯಿರಿ. ಎಷ್ಟು ಸೆಕೆಂಡು ಎಂಬುದು ದೀಪಕ್ಕೆ ಬಿಟ್ಟದ್ದು: 10, 20, 40, 60 ಎಂದು ಬೇರೆಬೇರೆ ಸಲ ಮಾಡಿ ನೋಡಿ. ಕನ್ನಡಕ, ಗ್ಲೌಸ್ ಇಲ್ಲದೆ ದೀಪ ಹಚ್ಚಬೇಡಿ. ಉಳಿದ 5 ಮಿ.ಲೀ. ಬೆಳಕು ಕಾಣದ ಹೋಲಿಕೆ ಮಾದರಿ.

ಎರಡಕ್ಕೂ ಸಮಪ್ರಮಾಣದಲ್ಲಿ ದುಪ್ಪಟ್ಟು ಸಾಂದ್ರತೆಯ ಎಲ್‌ಬಿ ಬ್ರಾತ್ ಸೇರಿಸಿ, ಫಾಯಿಲ್ ಸುತ್ತಿ, 37 ಡಿಗ್ರಿಯಲ್ಲಿ 2 ಗಂಟೆ ಕುಲುಕಿಸಿ. ಕಿಟಕಿ ಬೆಳಕು ಬಿದ್ದರೆ ಬ್ಯಾಕ್ಟೀರಿಯಾ ಪೆಟ್ಟು ಸರಿಮಾಡಿಕೊಳ್ಳುತ್ತದೆ. ಆಮೇಲೆ ಉಳಿದ ಬ್ಯಾಕ್ಟೀರಿಯಾ ಸಾಯಲು ಕೆಲವು ಹನಿ ಕ್ಲೋರೋಫಾರ್ಮ್ ಹಾಕಿ. ಅದು ತಳಕ್ಕಿಳಿದ ಮೇಲೆ ಮೇಲಿನದನ್ನಷ್ಟೇ ತೆಗೆಯಿರಿ.

ಯುವಿ ಮಾದರಿಯನ್ನು ಕೋಟಿಪಟ್ಟಿನವರೆಗೆ, ಹೋಲಿಕೆಯದನ್ನು ಹತ್ತು ಸಾವಿರಪಟ್ಟಿನವರೆಗೆ ಹಂತಹಂತವಾಗಿ ತೆಳುಮಾಡಿ. 0.1 ಮಿ.ಲೀ.ಗೆ, ಲ್ಯಾಂಬ್ಡಾ ಸೋಂಕು ತಗಲಬಲ್ಲ ಇ. ಕೋಲೈ 0.2 ಮಿ.ಲೀ. ಬೆರೆಸಿ. ಇದನ್ನು 0.2 ಶೇಕಡಾ ಮಾಲ್ಟೋಸ್‌ನಲ್ಲಿ ಬೆಳೆಸಿರಬೇಕು. ಫೇಜ್ ಅಂಟುವ ಜಾಗ ಮಾಲ್ಟೋಸ್ ಸಿಕ್ಕರೆ ಹೆಚ್ಚುತ್ತದೆ, ಗ್ಲೂಕೋಸ್ ಇದ್ದರೆ ಕಡಿಮೆಯಾಗುತ್ತದೆ. 20 ನಿಮಿಷ ಬಿಟ್ಟು, 46 ಡಿಗ್ರಿಯ ಮೆದು ಅಗರ್ 3 ಮಿ.ಲೀ. ಸೇರಿಸಿ ಪ್ಲೇಟಿಗೆ ಸುರಿಯಿರಿ. ಅಗರ್ ಗಂಟುಗಟ್ಟಿದ್ದರೆ ಎಣಿಸಲಾಗದು.

ಮರುದಿನ ಪ್ಲಾಕ್‌ಗಳನ್ನು (ಫೇಜ್ ಬ್ಯಾಕ್ಟೀರಿಯಾವನ್ನು ಕೊಂದಲ್ಲಿ ಮೂಡುವ ತಿಳಿ ಚುಕ್ಕೆಗಳನ್ನು) ಎಣಿಸಿ, ಹತ್ತಿರದಿಂದ ನೋಡಿ: ನಡುವೆ ಮಬ್ಬು ಇರುತ್ತದೆ. ಫೇಜನ್ನು ಒಳಗಿಟ್ಟುಕೊಂಡು ಬದುಕಿದ ಬ್ಯಾಕ್ಟೀರಿಯಾ ಅಲ್ಲಿ ಬೆಳೆದಿರುತ್ತವೆ. ಯುವಿ ಪ್ಲೇಟಿನಲ್ಲಿ ಎಣಿಕೆ ಏಕೆ ಏರಿತು? ಪೆಟ್ಟುಬಿದ್ದ ಡಿಎನ್‌ಎ ಬ್ಯಾಕ್ಟೀರಿಯಾದ ರೆಕ್‌ಎ ಪ್ರೋಟೀನನ್ನು ಚುರುಕುಗೊಳಿಸುತ್ತದೆ, ಆಗ ಸಿಐ ತಡೆ ತುಂಡಾಗುತ್ತದೆ.

ಕ್ಯಾನ್ಸರ್‌ಗೆ ಹೋಲಿಕೆ ತಡೆ ಮುರಿಯುವವರೆಗೆ ಮಾತ್ರ. ಗರ್ಭಕಂಠದ ಕ್ಯಾನ್ಸರ್‌ನಲ್ಲೂ ಎಚ್‌ಪಿವಿ ಎಂಬ ವೈರಸ್ಸಿನ ಡಿಎನ್‌ಎ ಹಲವು ಸಲ ನಮ್ಮ ಡಿಎನ್‌ಎಗೆ ಸೇರುವಾಗ ಇ2 ಎಂಬ ತಡೆ ಮುರಿದು, ಕೋಶವನ್ನು ವಿಭಜನೆಗೆ ತಳ್ಳುವ ಇ6, ಇ7 ಜೀನ್‌ಗಳು ಹದ್ದುಮೀರುತ್ತವೆ. ಆದರೆ ಲ್ಯಾಂಬ್ಡಾ ಎದ್ದರೆ ಕೋಶ ಒಡೆದು ಸಾಯುತ್ತದೆ. ಕ್ಯಾನ್ಸರ್‌ನಲ್ಲಿ ಕೋಶ ಸಾಯದೆ ವಿಭಜಿಸುತ್ತಲೇ ಹೋಗುತ್ತದೆ. ರೆಕಾರ್ಡ್ ಬರೆಯುವಾಗ ಈ ವ್ಯತ್ಯಾಸ ಬಿಡಬೇಡಿ.

ಮುಗಿದ ಮೇಲೆ ಎಲ್ಲವನ್ನೂ 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ, ಮೇಜನ್ನು ಬ್ಲೀಚಿನಿಂದ ಒರೆಸಿ. ಕ್ಲೋರೋಫಾರ್ಮ್ ಲ್ಯಾಂಬ್ಡಾವನ್ನು ಕೊಲ್ಲುವುದಿಲ್ಲ.